ಕೈ ಕೊಡೋದು ಬೇರೆ, ಕೈಗಡ ಕೊಡೋದು ಬೇರೆ: ‘ಲೆಂಡ್ ಎ ಹ್ಯಾಂಡ್’ ಹಿಂದಿನ ಚರಿತ್ರೆ

ಪತ್ರಿಕೋದ್ಯಮ ಓದ್ತಿದ್ದಾಗ ಎರಡು ತಿಂಗಳು ಒಂದು ಕಚೇರಿಗೆ ತರಬೇತಿಗೆ ಹೋಗಿದ್ದೆ. ಅಲ್ಲಿ ಮೇಲು, ಮೆಸೇಜು ಎಲ್ಲ ಇಂಗ್ಲಿಷಿನಲ್ಲೇ ನಡೀತಿತ್ತು. ಒಂದು ದಿನ ಕೆರೆ ಹೂಳಿನ ಬಗ್ಗೆ ಬರೆದ ವರದಿ ಎಷ್ಟು ತಿದ್ದಿದರೂ ನೆಟ್ಟಗಾಗಲಿಲ್ಲ. ಪಕ್ಕದ ವಿಭಾಗದಲ್ಲಿದ್ದ ಹಿರಿಯ ಮೇಡಂ ಒಬ್ಬರಿಗೆ ‘ಪ್ಲೀಸ್ ಗಿವ್ ಮಿ ಯುವರ್ ಹ್ಯಾಂಡ್’ ಅಂತ ಮೆಸೇಜು ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ಕನ್ನಡದಲ್ಲೇ ಉತ್ತರ ಬಂತು: ‘ನಮ್ಮ ಯಜಮಾನರನ್ನ ಒಂದು ಮಾತು ಕೇಳಬೇಕಪ್ಪಾ.’

ನಾನು ಕೇಳಿದ್ದು ಸಹಾಯ, ಬರೆದಿದ್ದು ಮದುವೆ ಪ್ರಸ್ತಾಪ! ‘ಎ ಹ್ಯಾಂಡ್’ ಅನ್ನಬೇಕಾದ ಕಡೆ ‘ಯುವರ್ ಹ್ಯಾಂಡ್’ ಅಂದುಬಿಟ್ಟಿದ್ದೆ. ಇಂಗ್ಲಿಷಿನಲ್ಲಿ ಒಬ್ಬರ ಕೈ ಕೇಳೋದು ಅಂದ್ರೆ ಅವರನ್ನ ಮದುವೆಗೆ ಕೇಳಿದ ಹಾಗೆ. ನಮ್ಮಲ್ಲೂ ‘ಕೈ ಹಿಡಿದ ಹೆಂಡತಿ’ ಅನ್ನಲ್ವಾ, ಹಾಗೇ. ಮೇಡಂ ಒಳ್ಳೆಯವರು. ನಕ್ಕು ಬಂದು ವರದಿ ತಿದ್ದಿಕೊಟ್ಟರು. ಆದರೆ ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕೈ ಅನ್ನೋದು ಸಹಾಯದ ಮಾತಿನೊಳಗೆ ಹೇಗೆ ಬಂತು? ಅದನ್ನ ಯಾಕೆ ಸಾಲ ಕೊಡ್ತಾರೆ?

ಮೊದಲು ನಮ್ಮ ಭಾಷೆ ನೋಡೋಣ. ಕನ್ನಡದಲ್ಲಿ ಕೈಗೆ ಇರೋಷ್ಟು ಅರ್ಥ ಬಹುಶಃ ಇನ್ಯಾವ ಅಂಗಕ್ಕೂ ಇಲ್ಲ. ಕೈ ಜೋಡಿಸಿದ್ರೆ ಜೊತೆಗೆ ಬಂದ ಹಾಗೆ. ಕೈ ಬಿಟ್ರೆ ನಡುನೀರಲ್ಲಿ ಬಿಟ್ಟ ಹಾಗೆ. ಕೈ ಎತ್ತಿದ್ರೆ ‘ನನ್ನಿಂದ ಆಗಲ್ಲ’ ಅಂದ ಹಾಗೆ. ಕೈ ಚಾಚಿದ್ರೆ ಭಿಕ್ಷೆ. ಇನ್ನು ಕೈ ಕೊಟ್ರೆ? ‘ಮಳೆ ಕೈ ಕೊಡ್ತು’, ‘ಬೋರ್‌ವೆಲ್ ಕೈ ಕೊಡ್ತು’, ‘ನಂಬಿದವನೇ ಕೈ ಕೊಟ್ಟ’. ಇಂಗ್ಲಿಷಿನ ‘ಗಿವ್ ಎ ಹ್ಯಾಂಡ್’ ಅನ್ನೋದನ್ನ ಪದಕ್ಕೆ ಪದ ಇಟ್ಟು ಕನ್ನಡ ಮಾಡಿದ್ರೆ ಸಹಾಯ ಹೋಗಿ ಮೋಸ ಆಗುತ್ತೆ.

ಇಲ್ಲೊಂದು ನಮ್ಮ ವೃತ್ತಿಯ ತಪ್ಪೊಪ್ಪಿಗೆ. ‘ದಾನಿಗಳು ಸಹಾಯಹಸ್ತ ಚಾಚಿದರು’ ಅಂತ ಪೇಪರಿನಲ್ಲಿ ದಿನಾ ಓದ್ತೀರಿ. ಊರಿನ ಮಾತಲ್ಲಿ ಕೈ ಚಾಚೋನು ಬೇಡೋನು. ಕೊಡೋನು ಹೇಗೆ ಕೈ ಚಾಚ್ತಾನೆ? ಇಂಗ್ಲಿಷಿನ ‘ಹೆಲ್ಪಿಂಗ್ ಹ್ಯಾಂಡ್’ ಅನ್ನೋದನ್ನ ಹಸ್ತ ಅಂತ ಸಂಸ್ಕೃತ ಮಾಡಿ, ಅದಕ್ಕೊಂದು ಚಾಚೋದನ್ನ ಸೇರಿಸಿದ್ದು ನಮ್ಮಂಥ ವರದಿಗಾರರೇ ಇರಬೇಕು ಅನ್ನೋದು ನನ್ನ ಅನುಮಾನ.

ಈಗ ಇಂಗ್ಲಿಷಿಗೆ ಬರೋಣ. ‘ಲೆಂಡ್’ ಅಂದ್ರೆ ಸಾಲವಾಗಿ ಕೊಡು. ‘ಬಾರೋ’ ಅಂದ್ರೆ ಸಾಲವಾಗಿ ತಗೋ. ನಮಗೆ ಈ ಎರಡರಲ್ಲಿ ಗೊಂದಲ ಆಗೋದಕ್ಕೆ ಕಾರಣ ಇದೆ. ಕನ್ನಡದಲ್ಲಿ ಕಡ ಅನ್ನೋ ಪದ ಒಂದೇ. ಕಡ ಕೊಡು, ಕಡ ತಗೋ ಅಂತ ಕ್ರಿಯೆ ಮಾತ್ರ ಬದಲಾಗುತ್ತೆ. ಇಂಗ್ಲಿಷಿನಲ್ಲಿ ಪದಾನೇ ಬೇರೆ. ಅದಕ್ಕೇ ‘ಬಾರೋ ಮಿ ಯುವರ್ ಪೆನ್’ ಅಂತ ನಮ್ಮ ಬಾಯಲ್ಲಿ ಬಂದುಬಿಡುತ್ತೆ. ನನ್ನ ಕೈಯಿಂದ ಆಚೆ ಹೋದ್ರೆ ಲೆಂಡ್, ಆಚೆಯಿಂದ ನನ್ನ ಕೈಗೆ ಬಂದ್ರೆ ಬಾರೋ. ಬ್ಯಾಂಕು ಲೆಂಡ್ ಮಾಡುತ್ತೆ, ನಾವು ಬಾರೋ ಮಾಡ್ತೀವಿ.

ಕೈ ವಿಷಯದಲ್ಲಿ ಮಾತ್ರ ಬಾರೋ ನಡೆಯಲ್ಲ. ಸಹಾಯ ಬೇಕಿದ್ರೆ ‘ಕುಡ್ ಯು ಲೆಂಡ್ ಮಿ ಎ ಹ್ಯಾಂಡ್’ ಅನ್ನಬೇಕು. ಯಾವ ಕೆಲಸಕ್ಕೆ ಅಂತ ಹೇಳೋದಿದ್ರೆ ‘ವಿತ್’ ಸೇರಿಸಿ: ‘ಲೆಂಡ್ ಮಿ ಎ ಹ್ಯಾಂಡ್ ವಿತ್ ದಿಸ್ ಬ್ಯಾಗ್’. ಆಗಿಹೋದ ಸಹಾಯಕ್ಕೆ ‘ಲೆಂಟ್’: ‘ಶಿ ಲೆಂಟ್ ಮಿ ಎ ಹ್ಯಾಂಡ್’. ‘ಲೆಂಡೆಡ್’ ಅನ್ನೋ ಪದ ಇಲ್ಲ. ಎರಡೂ ಕೈ ಹಾಕಿ ದುಡಿದ್ರೂ ‘ಎ ಹ್ಯಾಂಡ್’ ಅಂತ ಒಂದೇ ಕೈ. ಮಾತಿನಲ್ಲಿ ‘ಗಿವ್ ಮಿ ಎ ಹ್ಯಾಂಡ್’ ಅಂದ್ರೂ ಅದೇ ಅರ್ಥ, ‘ಲೆಂಡ್’ ಅಂದ್ರೆ ಒಂಚೂರು ಮರ್ಯಾದೆ ಜಾಸ್ತಿ. ಆದರೆ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ನಿರೂಪಕ ‘ಗಿವ್ ಹಿಮ್ ಎ ಬಿಗ್ ಹ್ಯಾಂಡ್’ ಅಂದ್ರೆ ಓಡಿಹೋಗಿ ಸ್ಪೀಕರ್ ಎತ್ತಬೇಡಿ. ಅಲ್ಲಿ ಕೈ ಅಂದ್ರೆ ಚಪ್ಪಾಳೆ.

ವ್ಯಾಕರಣ ಇಷ್ಟೇ. ಇದರ ಹಿಂದಿನ ಚರಿತ್ರೆ ಇದಕ್ಕಿಂತ ದೊಡ್ಡದು.

ಕೈಯನ್ನ ಸಾಲ ಕೇಳೋ ರೂಢಿ ಇಂಗ್ಲಿಷಿನಲ್ಲಿ ಕನಿಷ್ಠ 400 ವರ್ಷ ಹಳೆಯದು. ಶೇಕ್ಸ್‌ಪಿಯರ್ 1611ರ ಸುಮಾರಿಗೆ ಬರೆದ ‘ದಿ ಟೆಂಪೆಸ್ಟ್’ ನಾಟಕದಲ್ಲಿ ಅಪ್ಪ ತನ್ನ ಮಂತ್ರದ ನಿಲುವಂಗಿ ಬಿಚ್ಚೋದಕ್ಕೆ ಮಗಳ ಕೈ ಸಾಲ ಕೇಳ್ತಾನೆ. ಅದಕ್ಕೂ ಮುಂಚಿನ ‘ಜೂಲಿಯಸ್ ಸೀಸರ್’ನಲ್ಲಿ ಆಂಟನಿ ಊರಿನ ಜನರ ಹತ್ತಿರ ಕಿವಿಯನ್ನೇ ಸಾಲ ಕೇಳಿದ್ದಾನೆ. ಸಾಲ ಅಂದ ಮೇಲೆ ವಾಪಸ್ಸು ಬರುತ್ತೆ ಅನ್ನೋ ಭರವಸೆ ಅದರಲ್ಲೇ ಇದೆ. ಕೆಲಸ ಮುಗೀತು, ನಿನ್ನ ಕೈ ನಿನಗೆ.

ಆದರೆ 17ನೇ ಶತಮಾನದ ಹೊತ್ತಿಗೆ ‘ಹ್ಯಾಂಡ್’ ಅನ್ನೋದಕ್ಕೆ ಇನ್ನೊಂದು ಅರ್ಥ ಗಟ್ಟಿಯಾಯ್ತು. ಹಡಗಿನಲ್ಲಿ ನಾವಿಕರನ್ನ ತಲೆ ಲೆಕ್ಕದಲ್ಲಿ ಅಲ್ಲ, ಕೈ ಲೆಕ್ಕದಲ್ಲಿ ಎಣಿಸೋಕೆ ಶುರುವಾಯ್ತು. ಬಿರುಗಾಳಿ ಬಂದಾಗ ‘ಆಲ್ ಹ್ಯಾಂಡ್ಸ್’ ಅಂತ ಕೂಗಿದ್ರೆ ಹಡಗಿನಲ್ಲಿರೋ ಎಲ್ಲರೂ ಮೇಲೆ ಬರಬೇಕು. ಆಮೇಲೆ ಹೊಲದ ಆಳು ‘ಫಾರ್ಮ್ ಹ್ಯಾಂಡ್’ ಆದ, ಬಟ್ಟೆ ಗಿರಣಿಯ ಕಾರ್ಮಿಕ ‘ಮಿಲ್ ಹ್ಯಾಂಡ್’ ಆದ. ನಾವು ‘ನಾಳೆಗೆ ಎಷ್ಟಾಳು ಬೇಕು’ ಅಂತೀವಿ. ಆಳು ಅಂದ್ರೆ ಕನಿಷ್ಠ ಪೂರ್ತಿ ಮನುಷ್ಯ. ಇಂಗ್ಲೆಂಡಿನ ಗಿರಣಿ ಮಾಲೀಕನಿಗೆ ಬೇಕಾಗಿದ್ದು ಕೈ ಮಾತ್ರ. ಆ ಕೈ ಹಿಂದೆ ಒಂದು ಹೊಟ್ಟೆ, ಒಂದು ಮನಸ್ಸು ಇದೆ ಅನ್ನೋದನ್ನ ಲೆಕ್ಕಕ್ಕೆ ತಗೊಳ್ಳದ ಈ ಪದವನ್ನ ಚಾರ್ಲ್ಸ್ ಡಿಕನ್ಸ್ 1854ರ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ ಚೆನ್ನಾಗಿ ಕುಟುಕಿದ್ದಾನೆ.

ಆ ಗಿರಣಿಗಳಿಗೆ ಹತ್ತಿ ಎಲ್ಲಿಂದ ಬರ್ತಿತ್ತು? ಬಹುಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಗುಲಾಮರು ಬೆಳೆದ ಹತ್ತಿ. ಅಲ್ಲಿನ ತೋಟದ ಲೆಕ್ಕಪುಸ್ತಕಗಳಲ್ಲಿ ಗುಲಾಮರನ್ನ ‘ಫುಲ್ ಹ್ಯಾಂಡ್’, ‘ಹಾಫ್ ಹ್ಯಾಂಡ್’, ‘ಕ್ವಾರ್ಟರ್ ಹ್ಯಾಂಡ್’ ಅಂತ ಬರೆದಿಡ್ತಿದ್ರು. ಗಟ್ಟಿಮುಟ್ಟಾದ ಪ್ರಾಯದವರು ಪೂರ್ತಿ ಕೈ. ಮಕ್ಕಳು, ವಯಸ್ಸಾದವರು ಅರ್ಧ ಕೈ, ಕಾಲು ಕೈ. ಹಾಲು ಕೊಡೋ ಹಸುವಿಗೆ ಒಂದು ಬೆಲೆ, ಬತ್ತಿದ ಹಸುವಿಗೆ ಇನ್ನೊಂದು ಬೆಲೆ ಕಟ್ತೀವಲ್ಲ, ಹಾಗೆ. ಈ ಕೈಗಳನ್ನ ಯಾರೂ ಸಾಲ ಕೊಟ್ಟಿರಲಿಲ್ಲ. ಕಿತ್ತುಕೊಂಡಿದ್ದರು. ಕೈ ಸಾಲ ಕೊಡಬೇಕಾದ್ರೆ ಮೊದಲು ಆ ಕೈ ನಮ್ಮದಾಗಿರಬೇಕು.

ಅದೇ ಅಮೆರಿಕದ ಇನ್ನೊಂದು ಕಡೆ, ಉತ್ತರದ ಸಣ್ಣ ರೈತರ ಊರುಗಳಲ್ಲಿ ಬೇರೆ ಪದ್ಧತಿ ಇತ್ತು. ಒಬ್ಬ ರೈತನಿಗೆ ದನದ ಕೊಟ್ಟಿಗೆ ಬೇಕು. ದೊಡ್ಡ ಮರದ ಚೌಕಟ್ಟು ಎತ್ತಿ ನಿಲ್ಲಿಸೋದು ಒಂದು ಮನೆಯವರಿಂದ ಆಗೋ ಕೆಲಸ ಅಲ್ಲ. ಸುತ್ತಮುತ್ತಲಿನವರೆಲ್ಲ ಒಂದು ದಿನ ಗೊತ್ತುಮಾಡಿ ಬಂದು ಎತ್ತಿ ನಿಲ್ಲಿಸೋರು, ಮನೆ ಹೆಂಗಸರು ಅವರಿಗೆಲ್ಲ ಅಡಿಗೆ ಮಾಡೋರು. ಕೂಲಿ ಇಲ್ಲ. ನಾಳೆ ಅವರ ಕೊಟ್ಟಿಗೆಗೆ ಇವನು ಹೋಗಬೇಕು. ಹೀಗೆ ಊರು ಸೇರಿ ಮಾಡೋ ಕೆಲಸಕ್ಕೆ ‘ಬೀ’ ಅಂತ ಹೆಸರು. ಕೌದಿ ಹೊಲಿಯೋಕೆ ಸೇರಿದ್ರೆ ‘ಕ್ವಿಲ್ಟಿಂಗ್ ಬೀ’, ಜೋಳದ ತೆನೆ ಸುಲಿಯೋಕೆ ಸೇರಿದ್ರೆ ‘ಹಸ್ಕಿಂಗ್ ಬೀ’. ನಮ್ಮ ಶಾಲೆಗಳಲ್ಲಿ ಈಗ ನಡೆಸೋ ‘ಸ್ಪೆಲ್ಲಿಂಗ್ ಬೀ’ ಇದರದ್ದೇ ಮರಿ. ಇದು ಜೇನುಹುಳದ ಹೆಸರಲ್ಲ. ನೆರವು ಅನ್ನೋ ಅರ್ಥದ ‘ಬೂನ್’ ಪದದಿಂದ ಬಂದಿರಬೇಕು ಅಂತ ನಿಘಂಟು ಮಾಡೋರು ಹೇಳ್ತಾರೆ.

ಓದ್ತಾ ಇದ್ದ ಹಾಗೆ ನಿಮಗೂ ಹೊಳೆದಿರುತ್ತೆ. ಇದು ನಮ್ಮ ಮುಯ್ಯಾಳು!

ಇವತ್ತು ನಾಲ್ಕು ಜನ ನಮ್ಮ ಹೊಲದಲ್ಲಿ ರಾಗಿ ಕೊಯ್ದರೆ, ನಾಳೆ ನಾವು ಅವರ ಹೊಲಕ್ಕೆ ಹೋಗಬೇಕು. ನಮ್ಮಜ್ಜಿಗೆ ಅಕ್ಷರ ಬರ್ತಿರಲಿಲ್ಲ, ಆದರೆ ಊರಿನ ಮುಯ್ಯಾಳಿನ ಲೆಕ್ಕ ಪೂರ್ತಿ ಬಾಯಲ್ಲಿತ್ತು. ‘ಮೇಲಿನ ಮನೆಯೋರಿಗೆ ಎರಡಾಳು ಕೊಡಬೇಕು, ತೋಟದ ಮನೆಯೋರು ನಮಗೆ ಒಂದಾಳು ಬರಬೇಕು, ಅರ್ಧ ದಿನ ಕಳೆದು.’ ಗಂಡಸರು ಬ್ಯಾಂಕಿನ ಸಾಲದ ಲೆಕ್ಕ ಇಟ್ಟುಕೊಂಡಿದ್ರು, ಹೆಂಗಸರು ಕೈ ಸಾಲದ ಲೆಕ್ಕ. ನನಗೆ ಗೊತ್ತಿದ್ದ ಹಾಗೆ ಎರಡನೇ ಲೆಕ್ಕದಲ್ಲಿ ಯಾವತ್ತೂ ನೋಟೀಸು ಬರಲಿಲ್ಲ. ಹಾಗಂತ ಅದು ಪುಕ್ಕಟೆ ಅಲ್ಲ. ಮುಯ್ಯಿ ಅನ್ನೋ ಪದಾನೇ ನೋಡಿ. ಮದುವೆ ಮನೆಯಲ್ಲಿ ಕೊಡೋ ಉಡುಗೊರೆಯೂ ಮುಯ್ಯಿ, ಸೇಡು ತೀರಿಸಿಕೊಳ್ಳೋದೂ ಮುಯ್ಯಿ. ಕೊಟ್ಟಿದ್ದು ಏನೇ ಆಗಲಿ, ತಿರುಗಿ ಬರುತ್ತೆ.

ಕನ್ನಡದಲ್ಲಿ ಕೈಗಡ ಅಂದ್ರೆ ದುಡ್ಡು. ಪತ್ರ ಇಲ್ಲ, ಬಡ್ಡಿ ಇಲ್ಲ, ಮುಖ ನೋಡಿ ಕೊಡೋ ಸಣ್ಣ ಸಾಲ. ಇಂಗ್ಲಿಷಿನವರು ಆ ಕೈಯನ್ನೇ ಕಡ ಕೊಟ್ಟರು. ಹಾಗಾಗಿ ‘ಲೆಂಡ್ ಎ ಹ್ಯಾಂಡ್’ ಅನ್ನೋದಕ್ಕೆ ‘ಸಹಾಯ ಮಾಡು’ಗಿಂತ ಹತ್ತಿರದ ಕನ್ನಡ ‘ಮುಯ್ಯಾಳು ಹೋಗು’ ಅಂತ ನನಗೆ ಅನಿಸುತ್ತೆ.

ಇಷ್ಟಕ್ಕೇ ನಿಲ್ಲಿಸಿದ್ರೆ ಹಳೇ ಕಾಲ ಎಷ್ಟು ಚೆಂದ ಇತ್ತು ಅನ್ನೋ ಹಾಡಾಗುತ್ತೆ. ಅದು ಪೂರ್ತಿ ನಿಜ ಅಲ್ಲ. ಆ ‘ಬೂನ್’ ಪದವನ್ನೇ ತಗೊಳ್ಳಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಸುಗ್ಗಿ ಬಂದಾಗ ಒಕ್ಕಲುಗಳು ತಮ್ಮ ಪೈರು ಬಿಟ್ಟು ಜಮೀನ್ದಾರನ ಪೈರು ಕೊಯ್ಯೋಕೆ ಹೋಗಬೇಕಿತ್ತು. ಅದಕ್ಕಿಟ್ಟ ಹೆಸರು ‘ಬೂನ್ ವರ್ಕ್’. ಅಂದ್ರೆ ಪ್ರೀತಿಯಿಂದ ಮಾಡೋ ಉಪಕಾರ! ಒಡೆಯ ಊಟ ಹಾಕ್ತಿದ್ದ. ಜೊತೆಗೆ ಏಲ್ ಅನ್ನೋ ಮದ್ಯ ಕೊಟ್ರೆ ಅದು ‘ಒದ್ದೆ’ ಬೂನ್, ಕೊಡದಿದ್ರೆ ‘ಒಣ’ ಬೂನ್. ಹೋಗದೇ ಇದ್ರೆ ದಂಡ. ದಂಡ ಹಾಕೋ ಉಪಕಾರ ಎಂಥ ಉಪಕಾರ?

ನಮ್ಮಲ್ಲೂ ಬಿಟ್ಟಿ ಅನ್ನೋ ಪದ ಇದೆ. ಈಗ ಅದಕ್ಕೆ ಪುಕ್ಕಟೆ ಅನ್ನೋ ಹಗುರ ಅರ್ಥ ಬಂದಿದೆ. ಇದರ ಮೂಲ ಸಂಸ್ಕೃತದ ವಿಷ್ಟಿ, ಕೂಲಿ ಕೊಡದೆ ದಬ್ಬಾಳಿಕೆಯಿಂದ ಮಾಡಿಸಿಕೊಳ್ಳೋ ಕೆಲಸ. ಬಿಟ್ಟಿಗಿಂತ ಕ್ರೂರವಾಗಿದ್ದು ಜೀತ. ಮಗಳ ಮದುವೆಗೋ ಕಾಯಿಲೆಗೋ ಅಂತ ಒಂದಿಷ್ಟು ಸಾಲ, ಅದಕ್ಕೆ ಬದಲಾಗಿ ಒಂದು ಜೀವ ಒಡೆಯನ ಮನೆಯಲ್ಲಿ. ಅಲ್ಲಿ ಸಾಲ ಕೊಟ್ಟಿದ್ದು ದುಡ್ಡು, ಒತ್ತೆ ಹೋಗಿದ್ದು ಕೈ. ಬಡ್ಡಿ ಬೆಳೆದು ಅಪ್ಪನ ನಂತರ ಮಗ ಹೋಗ್ತಿದ್ದ. ಕಾನೂನಿನ ಪ್ರಕಾರ ಇದು ಕೊನೆಗೊಂಡಿದ್ದು 1975ರ ಅಕ್ಟೋಬರ್ 25ರಂದು, ಸುಗ್ರೀವಾಜ್ಞೆಯ ಮೂಲಕ. 1976ರಲ್ಲಿ ಅದು ಕಾಯ್ದೆ ಆಯ್ತು. ನಮ್ಮ ಓದುಗರಲ್ಲಿ ಎಷ್ಟೋ ಜನರಿಗೆ ಅಜ್ಜ ಜೀತ ಇದ್ದದ್ದು ನೆನಪಿರಬಹುದು. ಮುಯ್ಯಾಳು ನಡೀತಿದ್ದುದು ಬಹುಮಟ್ಟಿಗೆ ಸರಿಸಮಾನರ ನಡುವೆ, ತುಂಡು ಹೊಲವಾದರೂ ಇದ್ದವರ ನಡುವೆ. ಹೊಲವೇ ಇಲ್ಲದವನ ಹೊಲಕ್ಕೆ ಯಾರು ಮುಯ್ಯಾಳು ಬರಬೇಕು? ಅವನು ಊರಿಗೆಲ್ಲ ಕೈ ಕೊಟ್ಟ, ತಿರುಗಿ ಬರೋ ಲೆಕ್ಕದಲ್ಲಿ ಅವನ ಹೆಸರಿರಲಿಲ್ಲ.

‘ಲೆಂಡ್ ಎ ಹ್ಯಾಂಡ್’ ಅನ್ನೋದು ಒಂದು ಘೋಷಣೆಯೇ ಆಗಿದ್ದು ಅಮೆರಿಕದಲ್ಲಿ ಗುಲಾಮಗಿರಿ ರದ್ದಾದ ಐದು ವರ್ಷಕ್ಕೆ. ಬಾಸ್ಟನ್ನಿನ ಪಾದ್ರಿ, ಲೇಖಕ ಎಡ್ವರ್ಡ್ ಎವೆರೆಟ್ ಹೇಲ್ 1870ರಲ್ಲಿ ‘ಟೆನ್ ಟೈಮ್ಸ್ ಒನ್ ಈಸ್ ಟೆನ್’ ಅನ್ನೋ ಕಥೆ ಬರೆದರು. ಒಬ್ಬ ಸಾಮಾನ್ಯ ಮನುಷ್ಯ ಸತ್ತಿರ್ತಾನೆ. ಅವನ ಮಣ್ಣಿಗೆ ಬಂದ ಹತ್ತು ಜನ ಮಾತಾಡ್ತಾ ಕೂತಾಗ, ಪ್ರತಿಯೊಬ್ಬರಿಗೂ ಒಂದೊಂದು ಕಷ್ಟದಲ್ಲಿ ಅವನು ಆಗಿದ್ದ ಅಂತ ಗೊತ್ತಾಗುತ್ತೆ. ಅವನ ಋಣ ಅವನಿಗೆ ತೀರಿಸೋ ಹಾಗಿಲ್ಲ. ಹಾಗಾಗಿ ತಲಾ ಹತ್ತು ಜನಕ್ಕೆ ಸಹಾಯ ಮಾಡೋಣ ಅಂದುಕೊಳ್ತಾರೆ. ಹತ್ತು ನೂರಾಗುತ್ತೆ, ನೂರು ಸಾವಿರ ಆಗುತ್ತೆ, ಹೀಗೇ ಲೋಕ ಪೂರ್ತಿ. ಈ ಕಥೆ ಓದಿದವರು ಊರೂರಲ್ಲಿ ‘ಲೆಂಡ್ ಎ ಹ್ಯಾಂಡ್’ ಸಂಘ ಕಟ್ಟಿದ್ರು, 1886ರಲ್ಲಿ ಅದೇ ಹೆಸರಿನ ಪತ್ರಿಕೆ ಕೂಡ ಬಂತು. ಇಲ್ಲಿ ಮಾತಿನ ಅರ್ಥ ಸ್ವಲ್ಪ ತಿರುಗಿದ್ದನ್ನ ಗಮನಿಸಿ. ಸಾಲ ಕೊಟ್ಟವನಿಗೇ ವಾಪಸ್ಸು ಹೋಗಬೇಕಿಲ್ಲ, ಮುಂದಿನವನಿಗೆ ಹೋದ್ರೂ ಆಯ್ತು.

ಇದೇ ‘ಲೆಂಡ್’ ಪದ 70 ವರ್ಷದ ನಂತರ ಮಹಾಯುದ್ಧಕ್ಕೆ ಬಂತು. 1940ರ ಕೊನೆಗೆ ಹಿಟ್ಲರನ ಬಾಂಬು ಬಿದ್ದು ಬ್ರಿಟನ್ ತತ್ತರಿಸಿತ್ತು, ಖಜಾನೆಯೂ ಬರಿದಾಗಿತ್ತು. ಅಮೆರಿಕದ ಜನಕ್ಕೆ ಯುದ್ಧ ಬೇಕಿರಲಿಲ್ಲ, ಇನ್ನೊಬ್ಬರಿಗೆ ಸಾಲ ಕೊಡೋ ಮನಸ್ಸೂ ಇರಲಿಲ್ಲ. ಡಿಸೆಂಬರ್ 17ರಂದು ಅಧ್ಯಕ್ಷ ರೂಸ್‌ವೆಲ್ಟ್ ಪತ್ರಕರ್ತರನ್ನ ಕರೆದು, ಹಳ್ಳಿ ಕಟ್ಟೆ ಮೇಲೆ ಕೂತು ಹೇಳೋ ಹಾಗೆ ಒಂದು ಮಾತು ಹೇಳಿದರು. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ, ನನ್ನ ಹತ್ತಿರ ನೀರಿನ ಪೈಪು ಇದೆ. ‘ಇದಕ್ಕೆ 15 ಡಾಲರ್ ಆಗಿದೆ, ಮೊದಲು ದುಡ್ಡು ಇಡು’ ಅಂತ ಆ ಹೊತ್ತಲ್ಲಿ ಕೇಳ್ತೀನಾ? ನನಗೆ ಬೇಕಾಗಿರೋದು ದುಡ್ಡಲ್ಲ. ಬೆಂಕಿ ಆರಿದ ಮೇಲೆ ಪೈಪು ವಾಪಸ್ಸು ಕೊಟ್ರೆ ಸಾಕು. ಮಾತಿನ ಸಾರ ಇದು. 1941ರ ಮಾರ್ಚ್ 11ರಂದು ‘ಲೆಂಡ್-ಲೀಸ್’ ಕಾಯ್ದೆಗೆ ಸಹಿ ಬಿತ್ತು. ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 5,000 ಕೋಟಿ ಡಾಲರ್ ಬೆಲೆಯ ಸಾಮಾನು ಬ್ರಿಟನ್, ಸೋವಿಯತ್ ರಷ್ಯಾ, ಚೀನಾ ಮುಂತಾದ ದೇಶಗಳಿಗೆ ಹೋಗಿತ್ತು.

ಸಿಡಿದುಹೋದ ಬಾಂಬನ್ನ ಯಾರು ವಾಪಸ್ಸು ಕೊಡ್ತಾರೆ? ಹೋದದ್ದರಲ್ಲಿ ಬಹುಪಾಲು ಹಿಂದಿರುಗಲಿಲ್ಲ, ಅದರ ಪೂರ್ತಿ ಬೆಲೆಯನ್ನ ಅಮೆರಿಕ ಕೇಳಲೂ ಇಲ್ಲ. ಆದರೆ 1945ರಲ್ಲಿ ಯುದ್ಧ ನಿಂತ ಕೂಡಲೇ ಆ ನೆರವೂ ನಿಂತುಹೋಯ್ತು. ಬ್ರಿಟನ್ ಬೇರೆಯಾಗಿ ಸಾಲ ಎತ್ತಬೇಕಾಯ್ತು, ಈ ಸಲ ಶೇ. 2ರ ಬಡ್ಡಿಗೆ. ಅದರ ಕೊನೇ ಕಂತು ಕಟ್ಟಿದ್ದು 2006ರ ಡಿಸೆಂಬರ್ ಕೊನೆಯಲ್ಲಿ. ಮೊಮ್ಮಕ್ಕಳ ಕಾಲಕ್ಕೆ! ಒಂದು ಕಾಲಕ್ಕೆ ನಮ್ಮ ಮೇಲೆ ತೆರಿಗೆ ಹಾಕಿ ದೊಡ್ಡದಾದ ಸಾಮ್ರಾಜ್ಯ 60 ವರ್ಷ ಕಂತು ಕಟ್ತಾ ಕೂತಿದ್ದನ್ನ ಓದಿದಾಗ, ಸಹಕಾರ ಸಂಘದ ಸಾಲಗಾರನ ಮಗನಾದ ನನಗೆ ಒಳಗೊಳಗೇ ಸ್ವಲ್ಪ ನಗು ಬಂತು.

ಭಾರತಕ್ಕೂ ಈ ಲೆಕ್ಕದಲ್ಲಿ ಪಾಲಿತ್ತು. ಯುದ್ಧದ ಹೆದರಿಕೆಗೆ ಜನ ಬೆಳ್ಳಿ ನಾಣ್ಯ ಬಚ್ಚಿಟ್ಟುಕೊಂಡು, ಚಲಾವಣೆಗೆ ನಾಣ್ಯದ ಅಭಾವ ಆಯ್ತು. ಆಗ ಅಮೆರಿಕ ತನ್ನ ಖಜಾನೆಯಿಂದ 22 ಕೋಟಿ ಔನ್ಸಿಗೂ ಹೆಚ್ಚು, ಅಂದ್ರೆ ಸುಮಾರು 7,000 ಟನ್ ಬೆಳ್ಳಿಯನ್ನ ಲೆಂಡ್-ಲೀಸ್ ಅಡಿ ಕಳಿಸಿತು. ಷರತ್ತು ದುಡ್ಡಲ್ಲ. ಎಷ್ಟು ಔನ್ಸ್ ತಗೊಂಡಿರೋ ಅಷ್ಟೇ ಔನ್ಸ್ ಬೆಳ್ಳಿ ವಾಪಸ್ಸು. ಸೇರು ರಾಗಿ ತಂದ್ರೆ ಸೇರು ರಾಗಿ ಕೊಟ್ಟ ಹಾಗೆ. ಸ್ವಾತಂತ್ರ್ಯ ಬಂದು, ದೇಶ ಒಡೆದು ಎರಡಾಗಿ, 1957ರ ಗಡುವಿನ ಹೊತ್ತಿಗೆ ಆ ಬೆಳ್ಳಿ ತೂಗಿ ಕೊಟ್ಟದ್ದಾಯ್ತು. ರೂಸ್‌ವೆಲ್ಟ್ ಹೇಳಿದ ಪೈಪು ಹೇಳಿದ ಹಾಗೇ ವಾಪಸ್ಸು ಹೋಗಿದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಈ ಕಡೆಯಿಂದಲೂ ಕೈ ಹೋಗಿತ್ತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ವಿಮಾನ ಕಾರ್ಖಾನೆ, ಇವತ್ತಿನ ಎಚ್‌ಎಎಲ್, 1943ರಿಂದ ಅಮೆರಿಕದ ಸೇನೆಯ ವಿಮಾನಗಳ ರಿಪೇರಿಗೆ ನಿಂತಿತು. ಹಾರಿ ಜಖಂ ಆಗಿ ಬಂದ ವಿಮಾನಗಳಿಗೆ ಅಲ್ಲಿನ ಕಾರ್ಮಿಕರು ಮತ್ತೆ ರೆಕ್ಕೆ ಕೂರಿಸಿ ಕಳಿಸಿದ್ರು. ಆ ಕಾರ್ಮಿಕರನ್ನ ಇಂಗ್ಲಿಷಿನಲ್ಲಿ ‘ಹ್ಯಾಂಡ್ಸ್’ ಅಂತಲೇ ಕರೆದಿರಬೇಕು.

ಈಗ ನಮ್ಮೂರಿಗೆ ರಾಗಿ ಕೊಯ್ಯೋ ಮಿಷನ್ ಬಂದಿದೆ, ಗಂಟೆ ಲೆಕ್ಕ. ದುಡ್ಡು ಫೋನ್‌ಪೇಯಲ್ಲಿ ಹೋಗುತ್ತೆ, ಬಾಕಿ ಉಳಿಯೋದಿಲ್ಲ. ಅಜ್ಜಿ ಇಲ್ಲ. ಹೋದ ವರ್ಷ ಮಳೆಗೆ ರಾಗಿ ಮಲಗಿಬಿಟ್ಟು ಮಿಷನ್ನಿಗೆ ಸಿಗಲಿಲ್ಲ, ಕೂಲಿಗೂ ಆಳು ಇಲ್ಲ. ಅಮ್ಮ ಮೂರು ಮನೆಗೆ ಹೋಗಿ ಬಂದಳು. ಮಾರನೇ ದಿನ ಬೆಳಿಗ್ಗೆ ಐದು ಜನ ಹೆಂಗಸರು ಕುಡುಗೋಲು ಹಿಡಿದು ಹೊಲದಲ್ಲಿದ್ರು. ಅದರ ಫೋಟೋ ತೆಗೆದು ಆ ಕಚೇರಿಯ ಮೇಡಂಗೆ ಕಳಿಸಿದೆ. ಕೆಳಗೆ ಇಂಗ್ಲಿಷಿನಲ್ಲಿ ‘ದೇ ಲೆಂಟ್ ಅಸ್ ಎ ಹ್ಯಾಂಡ್’ ಅಂತ ಬರೆದಿದ್ದೆ. ‘ಈಗ ಸರಿಯಾಗಿದೆ’ ಅಂತ ಉತ್ತರ ಬಂತು.

ಅಮ್ಮನಿಗೆ ಓದಿ ಹೇಳಿದೆ, ಅರ್ಥಾನೂ ಹೇಳಿದೆ. ಅವಳು ಸೊಪ್ಪು ಸೋಸ್ತಾ ತಲೆ ಎತ್ತದೆ ಅಂದಳು: ‘ಅದೆಲ್ಲ ಇರ್ಲಿ. ಸೋಮವಾರ ಮೇಲಿನ ಮನೆಯೋರದು ಅವರೆಕಾಯಿ ಬಿಡ್ಸೋದೈತೆ. ಎರಡಾಳು ಹೋಗ್ಬೇಕು. ರಜ ಹಾಕು.’